ಮೀಟರ್ ಸುಮ್ಮನಿದ್ದರೆ ನೆಲ ಶುದ್ಧವೇ?

ಪ್ರಶ್ನೆ: ಅಮೆರಿಕದ ಮೇನ್ ಯಾಂಕಿ ಅಣುಸ್ಥಾವರವನ್ನು ಕೆಡವಿ ಆ ಜಾಗವನ್ನು ಸಾಮಾನ್ಯ ಬಳಕೆಗೆ ಬಿಟ್ಟುಕೊಟ್ಟರು ಎಂದು ಓದಿದೆ. ನಾಳೆ ಅಲ್ಲಿ ಯಾರಾದರೂ ಮನೆ ಕಟ್ಟಿ, ಬಾವಿ ತೋಡಿ, ತರಕಾರಿ ಬೆಳೆಯಬಹುದು ಎನ್ನುವಷ್ಟು ಖಾತ್ರಿ ಹೇಗೆ ಸಿಗುತ್ತದೆ? ವಿಕಿರಣ ಅಳೆಯುವ ಗೈಗರ್ ಕೌಂಟರ್ ಹಿಡಿದು ಓಡಾಡಿ, ಸದ್ದು ಬರದಿದ್ದರೆ ಮುಗಿಯಿತೇ? ಕೈಗಾದಂಥ ಸ್ಥಾವರಕ್ಕೂ ಇದೇ ಕ್ರಮವೇ?
– ಕಾರವಾರದ ಓದುಗರೊಬ್ಬರು

ಉತ್ತರ: ಇಲ್ಲ, ಅಷ್ಟಕ್ಕೇ ಮುಗಿಯುವುದಿಲ್ಲ. ಮೀಟರ್ ಸುಮ್ಮನಿರುವುದಕ್ಕೆ ಎರಡು ಕಾರಣ ಇರಬಹುದು. ನೆಲದಲ್ಲಿ ಏನೂ ಇಲ್ಲ, ಇಲ್ಲವೇ ಇರುವುದು ಆ ಮೀಟರಿಗೆ ಕಾಣುವಂಥದ್ದಲ್ಲ. ಈ ಎರಡರಲ್ಲಿ ಯಾವುದು ಎಂದು ಹೇಳಲು ಬಾರದಿದ್ದರೆ ಸಾವಿರಾರು ರೀಡಿಂಗ್ ತೆಗೆದರೂ ಪ್ರಯೋಜನವಿಲ್ಲ. ಆದ್ದರಿಂದ ಕೆಲಸದ ದೊಡ್ಡ ಪಾಲು ನೆಲಕ್ಕೆ ಕಾಲಿಡುವ ಮೊದಲೇ, ಕಾಗದದ ಮೇಲೆ ನಡೆಯುತ್ತದೆ.

ಮೊದಲು ಮಿತಿಯ ವಿಷಯ. ವಿಕಿರಣ ಸೊನ್ನೆಯಾಗಬೇಕು ಎಂದು ಯಾರೂ ಕೇಳುವುದಿಲ್ಲ, ಕೇಳಲೂ ಆಗದು. ನಮ್ಮೆಲ್ಲರಿಗೂ ಪ್ರಕೃತಿಯಿಂದಲೇ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ (ಮೈಗೆ ತಾಗುವ ವಿಕಿರಣದ ಪ್ರಮಾಣ, ಅಂದರೆ ಡೋಸ್ ಅಳೆಯುವ ಮಾನ) ಬರುತ್ತದೆ. ಅದರ ಮೇಲೆ ಸ್ಥಾವರದ ಅವಶೇಷದಿಂದ ಎಷ್ಟು ಸೇರಬಹುದು ಎಂಬುದೇ ಪ್ರಶ್ನೆ. ಅಮೆರಿಕದ ಅಣು ನಿಯಂತ್ರಣ ಆಯೋಗ 1997ರಲ್ಲಿ ಮಾಡಿದ ನಿಯಮದ ಪ್ರಕಾರ, ಯಾವ ಷರತ್ತೂ ಇಲ್ಲದೆ ಜಾಗ ಬಿಟ್ಟುಕೊಡಬೇಕಾದರೆ ಅಲ್ಲಿ ಅತಿ ಹೆಚ್ಚು ತಾಗಿಸಿಕೊಳ್ಳುವ ಗುಂಪಿನ ಸರಾಸರಿ ವ್ಯಕ್ತಿಗೆ ವರ್ಷಕ್ಕೆ 0.25 ಮಿಲಿಸೀವರ್ಟ್ ಮೀರಬಾರದು. ಅದಕ್ಕಿಂತ ಕೆಳಗೆ ಸಾಧ್ಯವಾದಷ್ಟು ಇಳಿಸಲೂ ಬೇಕು. ಮೇನ್ ರಾಜ್ಯ ತನ್ನದೇ ಕಾನೂನು ಮಾಡಿ ಅದನ್ನು 0.10ಕ್ಕೆ ಇಳಿಸಿತು, ಅದರಲ್ಲಿ ಅಂತರ್ಜಲದ ಪಾಲು 0.04 ಮೀರಬಾರದು ಎಂದಿತು. ಮೇನ್ ಯಾಂಕಿ ಅಳೆಸಿಕೊಂಡದ್ದು ಈ ಬಿಗಿ ಮಾನದಂಡಕ್ಕೆ.

ಈಗ 0.25 ಮಿಲಿಸೀವರ್ಟನ್ನು ವರ್ಷದ 8,760 ಗಂಟೆಗಳಿಂದ ಭಾಗಿಸಿ. ಗಂಟೆಗೆ ಸುಮಾರು 0.03 ಮೈಕ್ರೋಸೀವರ್ಟ್ (ಮಿಲಿಸೀವರ್ಟಿನ ಸಾವಿರದ ಒಂದು ಭಾಗವೇ ಮೈಕ್ರೋಸೀವರ್ಟ್) ಬರುತ್ತದೆ. ಪ್ರಕೃತಿಯಿಂದ ಬರುವ ಹಿನ್ನೆಲೆ ವಿಕಿರಣ ಸಾಮಾನ್ಯವಾಗಿ ಗಂಟೆಗೆ 0.1 ಮೈಕ್ರೋಸೀವರ್ಟ್ ಆಸುಪಾಸು ಇರುತ್ತದೆ. ಮರಳುನೆಲದಿಂದ ಗ್ರಾನೈಟ್ ಬಂಡೆಗೆ ಬಂದರೆ ಅದೇ 0.03ಕ್ಕಿಂತ ಹೆಚ್ಚು ಏರಿಳಿಯುತ್ತದೆ. ಹಾಗಾಗಿ ಡೋಸ್ ಮೀಟರಿನ ಮುಳ್ಳು ನೋಡಿ ಮಿತಿಯ ತೀರ್ಮಾನ ಮಾಡಲಾಗದು. ಸಾಲದ್ದಕ್ಕೆ ಆ ಡೋಸಿನ ಒಂದು ಭಾಗ ತರಕಾರಿ, ಹಾಲು, ಬಾವಿ ನೀರಿನ ಮೂಲಕ ಹೊಟ್ಟೆಗೆ ಹೋಗುವಂಥದ್ದು, ಅದು ಮೀಟರಿಗೆ ಸಿಗುವುದೇ ಇಲ್ಲ.

ಆದ್ದರಿಂದ ಡೋಸನ್ನು ಮಣ್ಣಿನ ಸಾಂದ್ರತೆಗೆ ತಿರುಗಿಸುತ್ತಾರೆ. ಒಬ್ಬ ರೈತ ಅದೇ ಜಾಗದಲ್ಲಿ ಮನೆ ಕಟ್ಟಿ, ಅಲ್ಲೇ ಬೆಳೆದು ಉಂಡು, ಅಲ್ಲಿನ ನೀರು ಕುಡಿಯುತ್ತಾನೆ ಎಂದಿಟ್ಟುಕೊಂಡು ಅರ್ಗೋನ್ ಪ್ರಯೋಗಾಲಯದ ರೆಸ್ರಾಡ್‌ನಂಥ ಸಾಫ್ಟ್‌ವೇರಿನಲ್ಲಿ ಲೆಕ್ಕ ಹಾಕಿ, ಪ್ರತಿ ಐಸೋಟೋಪಿಗೂ, ಅಂದರೆ ಒಂದೊಂದು ಬಗೆಯ ವಿಕಿರಣಶೀಲ ಪರಮಾಣುವಿಗೂ, ಕಿಲೋಗೆ ಇಷ್ಟು ಬೆಕೆರೆಲ್ (ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸಿದರೆ ಒಂದು ಬೆಕೆರೆಲ್) ಎಂಬ ಮಿತಿ ತೆಗೆಯುತ್ತಾರೆ. ಸ್ಥಳದ ವಿವರ ಏನೂ ಗೊತ್ತಿಲ್ಲದಿದ್ದಾಗ ಬಳಸಲೆಂದು ಆಯೋಗವೇ ಕೆಲವು ಎಚ್ಚರಿಕೆಯ ಅಂಕಿ ಕೊಟ್ಟಿದೆ. ಮೇಲ್ಮಣ್ಣಿನಲ್ಲಿ ಸೀಸಿಯಂ-137ಕ್ಕೆ ಕಿಲೋಗೆ ಸುಮಾರು 407 ಬೆಕೆರೆಲ್, ಕೋಬಾಲ್ಟ್-60ಕ್ಕೆ 141, ಸ್ಟ್ರಾನ್ಷಿಯಂ-90ಕ್ಕೆ 63.

ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಇವು ಒಂದೊಂದೂ ಒಂಟಿಯಾಗಿದ್ದಾಗಿನ ಮಿತಿಗಳು. ಒಂದು ಮಣ್ಣಿನಲ್ಲಿ ಸೀಸಿಯಂ 200, ಕೋಬಾಲ್ಟ್ 40, ಸ್ಟ್ರಾನ್ಷಿಯಂ 20 ಇದೆ ಎನ್ನೋಣ. ಮೂರೂ ತಮ್ಮ ತಮ್ಮ ಮಿತಿಯ ಅರ್ಧಕ್ಕಿಂತ ಕೆಳಗೆ ಇವೆ. ಆದರೆ ಪಾಲು ಕೂಡಿಸಿ: 0.49, 0.28, 0.32. ಮೊತ್ತ 1.09. ಒಂದನ್ನು ದಾಟಿತು, ಮಣ್ಣು ತೆಗೆಯಲೇಬೇಕು.

ಎರಡನೆಯದು ಜಾಗದ ಚರಿತ್ರೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಯಾವ ಟ್ಯಾಂಕ್ ಯಾವಾಗ ಸೋರಿತು, ಯಾವ ಚರಂಡಿ ಎಲ್ಲಿಗೆ ಹೋಗುತ್ತಿತ್ತು, ಅಗೆದ ಮಣ್ಣನ್ನು ಎಲ್ಲಿ ಸುರಿದರು, ಯಾವ ಗೋಡೆಗೆ ಯಾವಾಗ ಮತ್ತೊಮ್ಮೆ ಬಣ್ಣ ಬಳಿದರು. ದಾಖಲೆ ಹುಡುಕುವುದರ ಜೊತೆಗೆ ನಿವೃತ್ತರಾದ ಮೇಸ್ತ್ರಿಗಳನ್ನೂ ಪ್ಲಂಬರುಗಳನ್ನೂ ಕೂರಿಸಿಕೊಂಡು ಕೇಳಬೇಕು. ಕನೆಕ್ಟಿಕಟ್ ರಾಜ್ಯದ ಹ್ಯಾಡಮ್ ನೆಕ್‌ನಲ್ಲಿ 1968ರಿಂದ 1996ರವರೆಗೆ ನಡೆದ ಕನೆಕ್ಟಿಕಟ್ ಯಾಂಕಿ ಸ್ಥಾವರದಲ್ಲಿ, ಮುಚ್ಚಿದ ಮೇಲೆ ಹಳೆಯ ಕಡತ ತೆರೆದು ನೋಡಿದಾಗ, ಹಿಂದೆ ಆವರಣದಿಂದ ಹೊರಗೆ ಹೋಗಿದ್ದ ಮಣ್ಣು ಮತ್ತು ಕಾಂಕ್ರೀಟ್ ಬ್ಲಾಕುಗಳಲ್ಲಿ ಅಲ್ಪ ಪ್ರಮಾಣದ ವಿಕಿರಣಶೀಲತೆ ಇತ್ತು ಎಂದು ತಿಳಿಯಿತು. ಊರಿನ ಖಾಸಗಿ ಜಾಗಗಳಿಗೆ ಹೋಗಿ ಅಳೆದು ಅವನ್ನು ವಾಪಸ್ ತರಬೇಕಾಯಿತು. ಬೇಲಿಯೊಳಗೆ ಎಷ್ಟೇ ಒಳ್ಳೆಯ ಉಪಕರಣ ಓಡಿಸಿದರೂ ಅದು ಸಿಗುತ್ತಿರಲಿಲ್ಲ.

ಈ ಚರಿತ್ರೆಯ ಮೇಲೆಯೇ ಜಾಗವನ್ನು ಮೂರು ವರ್ಗ ಮಾಡುತ್ತಾರೆ. ಅಮೆರಿಕದ ನಾಲ್ಕು ಸರ್ಕಾರಿ ಸಂಸ್ಥೆಗಳು ಸೇರಿ 1997ರಲ್ಲಿ ತಂದ ಮಾರ್ಸಿಮ್ ಎಂಬ ಕೈಪಿಡಿಯ ಪದ್ಧತಿ ಇದು. ಮಿತಿ ಮೀರಿರಬಹುದು ಎಂಬ ಅನುಮಾನ ಇರುವ ಕಡೆ, ಅಥವಾ ಈಗಾಗಲೇ ಮಣ್ಣು ತೆಗೆದು ಶುಚಿ ಮಾಡಿದ ಕಡೆ, ಒಂದನೇ ವರ್ಗ. ಒಟ್ಟಾಗಿ ಅಳೆದು ತೀರ್ಮಾನಿಸುವ ಒಂದು ಘಟಕ ನೆಲದಲ್ಲಿ 2,000 ಚದರ ಮೀಟರ್, ಕಟ್ಟಡದ ಒಳಗಾದರೆ 100 ಚದರ ಮೀಟರ್ ದಾಟಬಾರದು. ಇಂಚಿಂಚೂ ಸ್ಕ್ಯಾನ್ ಆಗಬೇಕು. ಅವಶೇಷ ಇರಬಹುದು, ಆದರೆ ಮಿತಿ ಮೀರಿರಲಾರದು ಎನ್ನುವ ಕಡೆ ಎರಡನೇ ವರ್ಗ. ಏನೂ ಇರಲಾರದು, ಇದ್ದರೂ ಮಿತಿಯ ಸಣ್ಣ ಪಾಲು ಎನ್ನುವ ಕಡೆ ಮೂರನೆಯದು. ಎರಡನೇ ವರ್ಗದಲ್ಲಿ ಮಿತಿ ಮೀರಿದ ಒಂದೇ ಒಂದು ಜಾಗ ಸಿಕ್ಕರೂ ವರ್ಗೀಕರಣವೇ ತಪ್ಪಾಗಿತ್ತು ಎಂದರ್ಥ. ಆ ಜಾಗವನ್ನು ಒಂದನೇ ವರ್ಗಕ್ಕೆ ಏರಿಸಿ ಮತ್ತೆ ಮೊದಲಿನಿಂದ ಅಳೆಯಬೇಕು. ಆ ಒಂದು ಜಾಗವನ್ನಷ್ಟೇ ಅಗೆದು ಮುಂದೆ ಹೋಗುವುದು ಸಲ್ಲದು.

ಇನ್ನು ಮೀಟರಿನ ಕಣ್ಣಿಗೆ ಬೀಳದ ಐಸೋಟೋಪುಗಳು. ಕೋಬಾಲ್ಟ್-60 ಮತ್ತು ಸೀಸಿಯಂ-137 ಬಲವಾದ ಗಾಮಾ ಕಿರಣ ಸೂಸುವುದರಿಂದ ಸುಲಭವಾಗಿ ಸಿಗುತ್ತವೆ. ಟ್ರಿಟಿಯಂ (ವಿಕಿರಣಶೀಲ ಹೈಡ್ರೋಜನ್), ನಿಕಲ್-63, ಕಬ್ಬಿಣ-55 ಹಾಗಲ್ಲ. ಟ್ರಿಟಿಯಂ ಸೂಸುವ ಬೀಟಾ ಕಣ ಎಷ್ಟು ದುರ್ಬಲವೆಂದರೆ ಡಿಟೆಕ್ಟರಿನ ಕಿಟಕಿಯ ತೆಳು ಪೊರೆಯನ್ನೂ ಅದು ದಾಟದು. ಸ್ಟ್ರಾನ್ಷಿಯಂ-90 ಮತ್ತು ಅದರಿಂದ ಹುಟ್ಟುವ ಯಿಟ್ರಿಯಂ-90 ಸೂಸುವುದು ಬರೀ ಬೀಟಾ. ಮೇಲ್ಮೈಯಲ್ಲಿದ್ದರೆ ಕಾಣುತ್ತದೆ, ಮಣ್ಣಿನೊಳಗೆ ಇಳಿದರೆ ಇಲ್ಲ. ಇಂಧನದ ಕವಚ ಒಡೆದ ಚರಿತ್ರೆ ಇದ್ದರೆ ಪ್ಲುಟೋನಿಯಂ, ಅಮೆರಿಸಿಯಂಗಳು ಸೂಸುವ ಆಲ್ಫಾ ಕಣಗಳನ್ನೂ ಹುಡುಕಬೇಕು. ಆಲ್ಫಾವನ್ನು ಒಂದು ಪದರ ಬಣ್ಣವೇ ಮುಚ್ಚಿಬಿಡುತ್ತದೆ.

ಪ್ರತಿ ಸ್ಯಾಂಪಲಿಗೂ ಸ್ಟ್ರಾನ್ಷಿಯಂನ ರಾಸಾಯನಿಕ ಬೇರ್ಪಡಿಕೆ ಮಾಡಲು ಹಣವೂ ಸಮಯವೂ ಸಾಲದು. ಆದ್ದರಿಂದ ಸುಲಭವಾಗಿ ಸಿಗುವ ಸೀಸಿಯಂನ ಜೊತೆ ಅದರ ಅನುಪಾತ ಕಂಡುಹಿಡಿದು, ಸೀಸಿಯಂ ಅಳೆದೇ ಎರಡಕ್ಕೂ ಲೆಕ್ಕ ಕೊಡುತ್ತಾರೆ. ಲ್ಯಾಬಿನಲ್ಲಿ ಪರೀಕ್ಷಿಸಿದ ಸ್ಯಾಂಪಲುಗಳಲ್ಲಿ ಸೀಸಿಯಂ 1 ಇದ್ದ ಕಡೆ ಸ್ಟ್ರಾನ್ಷಿಯಂ 0.2 ಇತ್ತು ಎನ್ನಿ. ಆಗ ಸೀಸಿಯಂನ ಹೊಸ ಮಿತಿ, 1/407 ಮತ್ತು 0.2/63 ಕೂಡಿಸಿ ಅದರ ವಿಲೋಮ ತೆಗೆದರೆ, 178. ಅಂದರೆ ಸ್ಟ್ರಾನ್ಷಿಯಂ ಐದನೇ ಒಂದು ಭಾಗ ಜೊತೆಗಿದ್ದರೂ ಸೀಸಿಯಂಗೆ ಸಿಗುವ ಜಾಗ 407ರಿಂದ 178ಕ್ಕೆ ಕುಸಿಯುತ್ತದೆ.

ಈ ಉಪಾಯ ಎಲ್ಲಿ ಕೈಕೊಡುತ್ತದೆ ಎಂದು ತಿಳಿದಿರಬೇಕು. ಸೀಸಿಯಂ ಜೇಡಿಮಣ್ಣಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಸ್ಟ್ರಾನ್ಷಿಯಂ ನೀರಿನೊಂದಿಗೆ ಸರಿಯುತ್ತದೆ. ಸೋರಿದ ಟ್ಯಾಂಕಿನ ಬುಡದಲ್ಲಿ 0.2 ಇದ್ದ ಅನುಪಾತ, ನೀರು ಹರಿಯುವ ದಿಕ್ಕಿನಲ್ಲಿ ಮುಂದೆ ಹೋದರೆ ತಲೆಕೆಳಗಾಗಬಹುದು: ಸೀಸಿಯಂ ಇಲ್ಲವೇ ಇಲ್ಲ, ಸ್ಟ್ರಾನ್ಷಿಯಂ ಮಾತ್ರ ಇದೆ. ಟ್ಯಾಂಕಿನ ಬುಡದ ಅನುಪಾತವನ್ನು ಇಡೀ ಆವರಣಕ್ಕೆ ಹಚ್ಚುವುದು ಈ ಕೆಲಸದಲ್ಲಿ ಆಗುವ ಅತ್ಯಂತ ದುಬಾರಿ ತಪ್ಪುಗಳಲ್ಲೊಂದು. ಕಾಲವೂ ಅನುಪಾತವನ್ನು ಬದಲಿಸುತ್ತದೆ. ಕೋಬಾಲ್ಟ್-60ರ ಅರ್ಧಾಯುಷ್ಯ (ಇದ್ದದ್ದು ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ) 5.27 ವರ್ಷ, ನಿಕಲ್-63ರದ್ದು ಸುಮಾರು 100 ವರ್ಷ. ಹತ್ತು ವರ್ಷದಲ್ಲಿ ಕೋಬಾಲ್ಟ್ ಕಾಲು ಭಾಗಕ್ಕೆ ಇಳಿದಿರುತ್ತದೆ, ನಿಕಲ್ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ; ಹಳೆಯ ಅನುಪಾತವನ್ನು ಹಾಗೇ ಬಳಸಿದರೆ ಲೆಕ್ಕ ತಪ್ಪುತ್ತದೆ.

ಈಗ ನೆಲಕ್ಕೆ ಬರೋಣ. ಸ್ಕ್ಯಾನ್ ಮಾಡಲು ಸಾಮಾನ್ಯವಾಗಿ ಎರಡು ಇಂಚು ಅಗಲ, ಎರಡು ಇಂಚು ಉದ್ದದ ಸೋಡಿಯಂ ಅಯೊಡೈಡ್ ಹರಳಿನ ಡಿಟೆಕ್ಟರ್ ಬಳಸುತ್ತಾರೆ. ನೆಲದಿಂದ 10 ಸೆಂಟಿಮೀಟರ್ ಮೇಲೆ ಹಿಡಿದು, ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ, ಹಾವಿನ ನಡೆಯಂತೆ ಎಡಬಲ ಆಡಿಸುತ್ತ ಸಾಗಬೇಕು. ಕಣ್ಣು ಡಿಸ್‌ಪ್ಲೇ ಮೇಲಿರುವುದಿಲ್ಲ. ಹೆಡ್‌ಫೋನಿನಲ್ಲಿ ಕ್ಲಿಕ್ಕುಗಳನ್ನು ಆಲಿಸುತ್ತಾರೆ. ಹಿನ್ನೆಲೆ ನಿಮಿಷಕ್ಕೆ 10,000 ಕೌಂಟ್ (ಕ್ಲಿಕ್) ಎಂದರೆ ಸೆಕೆಂಡಿಗೆ 167. ಅರ್ಧ ಮೀಟರ್ ಅಗಲದ ಒಂದು ಮಲಿನ ಮಚ್ಚೆ ಡಿಟೆಕ್ಟರಿನ ಕೆಳಗೆ ಇರುವುದು ಸುಮಾರು ಒಂದು ಸೆಕೆಂಡ್ ಮಾತ್ರ. ಆ ಒಂದು ಸೆಕೆಂಡಿನಲ್ಲಿ 167 ಇದ್ದದ್ದು 192ರ ಹತ್ತಿರ ಬಂದದ್ದನ್ನು ಕಿವಿ ಹಿಡಿಯಬೇಕು. ನೂರಕ್ಕೆ 95 ಸಲ ಹಿಡಿಯಬೇಕಾದರೆ, ಮಾರ್ಸಿಮ್‌ನ ಲೆಕ್ಕದಲ್ಲಿ, ಏನೂ ಇಲ್ಲದ ಕಡೆಯೂ ನೂರಕ್ಕೆ 60 ಸಲ ಅನುಮಾನಪಟ್ಟು ನಿಲ್ಲಲು ತಯಾರಿರಬೇಕು. ಎಲ್ಲೂ ನಿಲ್ಲದೆ ಸರಾಗವಾಗಿ ನಡೆದು ಬಂದು ‘ಏನೂ ಸಿಗಲಿಲ್ಲ’ ಎಂದವರ ಸ್ಕ್ಯಾನನ್ನು ನಾನು ಒಪ್ಪುವುದಿಲ್ಲ. ನಿಂತ ಜಾಗಗಳು, ಅಲ್ಲಿ ಮತ್ತೆ ತೆಗೆದ ರೀಡಿಂಗ್, ಎಲ್ಲವೂ ದಾಖಲೆಯಲ್ಲಿರಬೇಕು.

ಇಷ್ಟೆಲ್ಲ ಸರಿಯಾಗಿ ಮಾಡಿದಾಗ ಆ ಡಿಟೆಕ್ಟರ್ ಕಾಣಬಲ್ಲ ಕನಿಷ್ಠ ಸೀಸಿಯಂ ಕಿಲೋಗೆ ಸುಮಾರು 237 ಬೆಕೆರೆಲ್. ನಮ್ಮ ಮೂಲ ಮಿತಿ 407ಕ್ಕೆ ಇದು ಸಾಕಿತ್ತು. ಸ್ಟ್ರಾನ್ಷಿಯಂ ಸೇರಿ ಮಿತಿ 178 ಆಯಿತಲ್ಲ, ಅದಕ್ಕೆ ಸಾಲದು. ಮೀಟರ್ ಸುಮ್ಮನಿದ್ದರೂ ನೆಲ ಮಿತಿ ಮೀರಿರಬಹುದು. ನಿಮ್ಮ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಇದೇ.

ಇದಕ್ಕೆ ದಾರಿ ಇದೆ. ಸಣ್ಣ ಮಚ್ಚೆಯೊಂದರಲ್ಲಿ ಸಾಂದ್ರತೆ ಹೆಚ್ಚಿದ್ದರೂ ಒಟ್ಟು ಡೋಸ್ ಕಡಿಮೆ. ಹಾಗಾಗಿ ವಿಸ್ತೀರ್ಣ ಕಿರಿದಾದಷ್ಟೂ ಮಿತಿಯನ್ನು ಒಂದು ಗುಣಾಂಕದಿಂದ ಹಿಗ್ಗಿಸಬಹುದು. ಕೈಪಿಡಿಯ ಉದಾಹರಣೆಯಲ್ಲಿ ಸೀಸಿಯಂಗೆ 10 ಚದರ ಮೀಟರಿಗೆ 2.4, 100 ಚದರ ಮೀಟರಿಗೆ 1.4. 2,000 ಚದರ ಮೀಟರಿನಲ್ಲಿ 15 ಸ್ಯಾಂಪಲ್ ಬದಲು 20 ತೆಗೆದರೆ ಒಂದೊಂದರ ಪಾಲಿಗೆ 100 ಚದರ ಮೀಟರ್. ಎರಡು ಬಿಂದುಗಳ ನಡುವೆ ಅಡಗಬಹುದಾದ ಮಚ್ಚೆ ಅದಕ್ಕಿಂತ ದೊಡ್ಡದಿರಲಾರದು. 178ನ್ನು 1.4ರಿಂದ ಗುಣಿಸಿದರೆ 249. ಮೀಟರಿನ 237 ಅದರೊಳಗೆ ಬಂತು. ಸ್ಟ್ರಾನ್ಷಿಯಂನ ಗುಣಾಂಕ ಬೇರೆ ಇರುತ್ತದೆ, ಇಲ್ಲಿ ಲೆಕ್ಕ ಸರಳ ಮಾಡಿದ್ದೇನೆ. ಅಂತರ ಇಷ್ಟು ಕೂದಲೆಳೆಯಷ್ಟಿದ್ದರೆ ನಾನಾದರೆ ಸ್ಯಾಂಪಲನ್ನು 30ಕ್ಕೆ ಏರಿಸಿ ಎನ್ನುತ್ತೇನೆ. ಹಿನ್ನೆಲೆ ಸ್ವಲ್ಪ ಹೆಚ್ಚಿದ್ದರೂ, ನಡಿಗೆ ಸ್ವಲ್ಪ ಬಿರುಸಾದರೂ 237 ಎಂಬುದು 260 ಆಗಿಬಿಡುತ್ತದೆ.

ಸ್ಯಾಂಪಲ್ ಎಷ್ಟು ಎಂಬುದಕ್ಕೂ ಲೆಕ್ಕ ಇದೆ. ಮಿತಿಗೂ ನಿರೀಕ್ಷಿತ ಮಟ್ಟಕ್ಕೂ ಇರುವ ಅಂತರ, ರೀಡಿಂಗುಗಳ ಚದುರುವಿಕೆಯ ಎರಡು ಪಟ್ಟಿದ್ದರೆ 15 ಸಾಕು. ಒಂದೇ ಪಟ್ಟಿದ್ದರೆ 29 ಬೇಕು. ಮಲಿನ ನೆಲವನ್ನು ಶುದ್ಧವೆನ್ನುವುದು, ಶುದ್ಧ ನೆಲವನ್ನು ಮಲಿನವೆನ್ನುವುದು, ಈ ಎರಡೂ ಬಗೆಯ ತಪ್ಪಿಗೆ ನೂರಕ್ಕೆ 5ರ ಅವಕಾಶ ಕೊಟ್ಟು, ಹಾಳಾಗುವ ಸ್ಯಾಂಪಲುಗಳಿಗೆಂದು ಶೇ 20 ಸೇರಿಸಿ ಬಂದ ಸಂಖ್ಯೆಗಳಿವು. ಬಿಂದುಗಳನ್ನು ತ್ರಿಕೋನ ಜಾಲದಲ್ಲಿ ಹರಡುತ್ತಾರೆ; 20 ಬಿಂದುಗಳಾದರೆ ಒಂದರಿಂದ ಇನ್ನೊಂದಕ್ಕೆ 10.7 ಮೀಟರ್. ಮೊದಲ ಬಿಂದು ಎಲ್ಲಿ ಎಂಬುದನ್ನು ಯಾದೃಚ್ಛಿಕ ಸಂಖ್ಯೆ ತೀರ್ಮಾನಿಸಬೇಕು, ಮನುಷ್ಯರಲ್ಲ.

ಪರೀಕ್ಷೆಯ ಆರಂಭದ ಊಹೆ ಗಮನಿಸಿ: ಈ ನೆಲ ಮಲಿನವಾಗಿದೆ. ಅಲ್ಲ ಎಂದು ಸಾಬೀತು ಮಾಡುವ ಹೊರೆ ಸ್ಥಾವರದವರದು. ಸ್ಯಾಂಪಲ್ ಕಡಿಮೆ ತೆಗೆದರೆ ಸಾಬೀತು ಮಾಡಲಾಗದೆ ಶುದ್ಧ ನೆಲವೂ ಮಲಿನವೆಂದೇ ಉಳಿಯುತ್ತದೆ, ನಷ್ಟ ಅವರಿಗೇ. ಈ ವ್ಯವಸ್ಥೆಯಲ್ಲಿ ನನಗೆ ತುಂಬ ಹಿಡಿಸುವ ಅಂಶ ಇದು. 20 ಸ್ಯಾಂಪಲಿನಲ್ಲಿ ಕನಿಷ್ಠ 15 ಮಿತಿಯ ಕೆಳಗಿದ್ದರೆ ಆ ಘಟಕ ಅಂಕಿಅಂಶದ ಪರೀಕ್ಷೆ ದಾಟಿತು. ಹಾಗಾದರೆ ಉಳಿದ ಐದು ಹೇಗೂ ಇರಬಹುದೇ ಎಂದು ಗಾಬರಿಯಾಗಬೇಡಿ. ಸರಾಸರಿಯೂ ಮಿತಿಯ ಕೆಳಗೇ ಇರಬೇಕು. ಮೇಲೆ ಬಂದ ಒಂದೊಂದರ ಸುತ್ತಲೂ ಅಳೆದು, ಮಚ್ಚೆಯ ವಿಸ್ತೀರ್ಣ ಗೊತ್ತುಮಾಡಿ, ಆ ಗುಣಾಂಕದ ಮಿತಿಯೊಳಗೆ ಇದೆಯೇ ಎಂದು ನೋಡಿ, ಎಲ್ಲದರ ಪಾಲೂ ಕೂಡಿಸಿ ಒಂದನ್ನು ಮೀರಿಲ್ಲ ಎಂದು ತೋರಿಸಬೇಕು.

ಸ್ಯಾಂಪಲ್ ಎಂದರೆ ಮೇಲಿನ 15 ಸೆಂಟಿಮೀಟರ್ ಮಣ್ಣು. ಕಲ್ಲು ಬೇರು ತೆಗೆದು, ಒಣಗಿಸಿ, ಜರಡಿ ಹಿಡಿದು, ಲ್ಯಾಬಿನ ಜರ್ಮೇನಿಯಂ ಡಿಟೆಕ್ಟರಿನಲ್ಲಿ ಅಳೆಯುತ್ತಾರೆ. ಟ್ರಿಟಿಯಂ ನೋಡಬೇಕಾದ ಸ್ಯಾಂಪಲನ್ನು ಮಾತ್ರ ಒಣಗಿಸಲೇಬಾರದು. ನೀರಿನ ಜೊತೆ ಅದೂ ಹಾರಿಹೋಗಿ ‘ಇಲ್ಲ’ ಎಂಬ ವರದಿ ಬರುತ್ತದೆ. ಅದನ್ನು ತೆಗೆದ ಕೂಡಲೇ ಗಾಳಿಯಾಡದಂತೆ ಮುಚ್ಚಬೇಕು.

ಕಟ್ಟಡಗಳಲ್ಲಿ ತೊಂದರೆ ಬೇರೆ ರೀತಿಯದು. ಪ್ಯಾನ್‌ಕೇಕ್ ಮಾದರಿಯ ಗೈಗರ್ ಪ್ರೋಬಿನ ಕಿಟಕಿ 15 ಚದರ ಸೆಂಟಿಮೀಟರ್ ಚಿಲ್ಲರೆ. ಹಿನ್ನೆಲೆ ನಿಮಿಷಕ್ಕೆ 60 ಇದ್ದಾಗ, ಒಂದು ನಿಮಿಷ ಇಟ್ಟು ಅಳೆದರೆ, 60ರ ವರ್ಗಮೂಲವನ್ನು 4.65ರಿಂದ ಗುಣಿಸಿ 3 ಕೂಡಿಸಿದಷ್ಟು, ಅಂದರೆ 39 ಕೌಂಟ್ ಹೆಚ್ಚುವರಿ ಇದ್ದರೆ ಮಾತ್ರ ‘ಇದೆ’ ಎಂದು ಭರವಸೆಯಿಂದ ಹೇಳಬಹುದು. ಆ 39ನ್ನು ಬೆಕೆರೆಲ್ಲಿಗೆ ತಿರುಗಿಸುವಾಗ ಉಪಕರಣದ ದಕ್ಷತೆಯಷ್ಟೇ ಸಾಲದು, ಮೇಲ್ಮೈಯ ದಕ್ಷತೆಯನ್ನೂ (ಅಲ್ಲಿಂದ ಹೊರಬರುವ ಕಣಗಳ ಪಾಲು) ಗುಣಿಸಬೇಕು. ಸೀಸಿಯಂನಂಥ ಬಲವಾದ ಬೀಟಾಗೆ ಅದು 0.5, ಕೋಬಾಲ್ಟಿನ ಮೆದು ಬೀಟಾಗೆ 0.25. ನಯವಾದ ಲೋಹದ ತಟ್ಟೆಯ ಮೂಲದಲ್ಲಿ ಕ್ಯಾಲಿಬ್ರೇಟ್ ಮಾಡಿ, ಅದೇ ಅಂಕಿಯನ್ನು ಉಬ್ಬುತಗ್ಗಿನ, ಧೂಳು ಹಿಡಿದ ಕಾಂಕ್ರೀಟಿಗೆ ಹಚ್ಚಿದರೆ ನಿಜಕ್ಕಿಂತ ಅರ್ಧವೋ ಕಾಲೋ ತೋರಿಸುತ್ತದೆ.

ರಿಯಾಕ್ಟರಿನ ಸುತ್ತಲಿನ ದಪ್ಪ ಕಾಂಕ್ರೀಟ್ ಗೋಡೆಯಲ್ಲಿ ಮೇಲ್ಮೈ ಒರೆಸಿ ಲಾಭವಿಲ್ಲ. ನ್ಯೂಟ್ರಾನುಗಳು ಕಾಂಕ್ರೀಟಿನಲ್ಲಿರುವ ಅತ್ಯಲ್ಪ ಯುರೋಪಿಯಂ, ಕೋಬಾಲ್ಟ್, ಲಿಥಿಯಂಗಳನ್ನೇ ವಿಕಿರಣಶೀಲ ಮಾಡಿರುತ್ತವೆ. ನ್ಯೂಟ್ರಾನು ಒಳಗೆ ಹೋಗಿ ವೇಗ ಕಳೆದುಕೊಂಡ ಮೇಲೆಯೇ ಹೆಚ್ಚು ಹೀರಿಕೆಯಾಗುವುದರಿಂದ, ಅತಿ ಹೆಚ್ಚಿನ ಮಟ್ಟ ಮೇಲ್ಮೈಯಲ್ಲಿರದೆ ಕೆಲವು ಸೆಂಟಿಮೀಟರ್ ಒಳಗಿರುತ್ತದೆ. ಗೋಡೆಯಿಂದ ಕಂಬದಂಥ ತುಂಡು (ಕೋರ್) ಕೊರೆದು ತೆಗೆದು, ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ಅಳೆಯಬೇಕು. ನೀರು ಹಾಕಿ ಕೊರೆದರೆ ಸೀಸಿಯಂ ತೊಳೆದು ಹರಡುತ್ತದೆ, ಒಣದಾಗಿ ಕೊರೆದರೆ ಕಾವಿಗೆ ಟ್ರಿಟಿಯಂ ಹಾರುತ್ತದೆ. ಏನನ್ನು ಹುಡುಕುತ್ತಿದ್ದೇವೆ ಎಂಬುದರ ಮೇಲೆ ಯಾವುದು ಎಂದು ನಿರ್ಧಾರ. ನೆಲದೊಳಗೆ ಹೂತ ಪೈಪುಗಳಿಗೆ ಸಣ್ಣ ಡಿಟೆಕ್ಟರನ್ನು ಕೇಬಲಿನಲ್ಲಿ ಎಳೆದು ಅಳೆಯುತ್ತಾರೆ.

ಹಿನ್ನೆಲೆಯ ವಿಚಾರ ನಮ್ಮ ಕರಾವಳಿಯವರಿಗೆ ಬೇಗ ಅರ್ಥವಾಗುತ್ತದೆ. ಮಂಗಳೂರಿನ ಬಳಿ ಉಳ್ಳಾಲದ ಕಡಲತೀರದಲ್ಲಿ ಥೋರಿಯಂ ಇರುವ ಮೊನಜೈಟ್ ಮರಳಿದೆ. ಅಲ್ಲಿ ಯಾವ ಸ್ಥಾವರವೂ ಇಲ್ಲದೆ ಮೀಟರ್ ಏರುತ್ತದೆ. ಆದ್ದರಿಂದ ಅಳೆಯುವ ಜಾಗದಂಥದ್ದೇ ಮಣ್ಣು, ಅಂಥದ್ದೇ ಕಲ್ಲು ಇರುವ, ಸ್ಥಾವರದ ಸೋಂಕಿಲ್ಲದ ಇನ್ನೊಂದು ಜಾಗ ಹುಡುಕಿ ಅಲ್ಲಿಯೂ ಸ್ಯಾಂಪಲ್ ತೆಗೆದು ಹೋಲಿಸಬೇಕು. ಸೀಸಿಯಂ-137 ಅಲ್ಲೂ ಸ್ವಲ್ಪ ಸಿಗುತ್ತದೆ, ವಾತಾವರಣದಲ್ಲಿ ನಡೆದ ಬಾಂಬ್ ಪರೀಕ್ಷೆಗಳ ಉಳಿಕೆ ಅದು.

ಅಂತರ್ಜಲಕ್ಕೆ ಈ ಜಾಲ, ಸ್ಕ್ಯಾನ್ ಯಾವುದೂ ಹೊಂದುವುದಿಲ್ಲ. ಕೊಳವೆಬಾವಿ ತೋಡಿ ವರ್ಷಗಟ್ಟಲೆ ನೋಡಬೇಕು. ಹ್ಯಾಡಮ್ ನೆಕ್‌ನಲ್ಲಿ ಟ್ರಿಟಿಯಂ, ಸ್ಟ್ರಾನ್ಷಿಯಂ-90 ಎರಡೂ ಅಂತರ್ಜಲದಲ್ಲಿ ಸಿಕ್ಕವು. ಹಳೆಯ ಟ್ಯಾಂಕುಗಳ ಜಾಗದಲ್ಲಿ ಮಣ್ಣನ್ನು ಬಂಡೆ ಕಾಣುವವರೆಗೆ ತೆಗೆದರು. ಆ ಜಾಗದ ಬಿಡುಗಡೆ 2007ರವರೆಗೆ ಎಳೆಯಿತು. ಅಮೆರಿಕದ ಕುಡಿಯುವ ನೀರಿನ ಮಿತಿ ಟ್ರಿಟಿಯಂಗೆ ಲೀಟರಿಗೆ 740 ಬೆಕೆರೆಲ್, ಸ್ಟ್ರಾನ್ಷಿಯಂಗೆ 0.3 ಮಾತ್ರ.

ಕೊನೆಗೆ, ಸ್ಥಾವರದವರು ತಾವೇ ಅಳೆದು ತಾವೇ ಪಾಸಾಗುವಂತಿಲ್ಲ. ಆಯೋಗದ ಪರವಾಗಿ ಓಕ್ ರಿಡ್ಜ್ ಸಂಸ್ಥೆಯ ತಂಡ ಬಂದು ಆಯ್ದ ಕಡೆ ಮತ್ತೆ ಅಳೆಯುತ್ತದೆ, ಅದೇ ಸ್ಯಾಂಪಲುಗಳನ್ನು ಹಂಚಿಕೊಂಡು ಬೇರೆ ಲ್ಯಾಬಿನಲ್ಲಿ ನೋಡುತ್ತದೆ. 2005ರಲ್ಲಿ ಮೇನ್ ಯಾಂಕಿಯ ಜಾಗ ಬಿಡುಗಡೆಯಾದದ್ದು ಇದೆಲ್ಲ ದಾಟಿ. ಆದರೆ ಬಳಸಿದ ಇಂಧನ ಇನ್ನೂ ಅಲ್ಲೇ ಒಂದು ಮೂಲೆಯಲ್ಲಿ, ಕಾವಲಿನೊಳಗೆ, ಒಣ ಪೆಟ್ಟಿಗೆಗಳಲ್ಲಿ ಇದೆ. ಆ ತುಂಡು ನೆಲ ಬಿಡುಗಡೆಯಾಗಿಲ್ಲ.

ಕೈಗಾದ ಬಗ್ಗೆ. ತೀರ್ಮಾನ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ 2006ರ ಮಾರ್ಗಸೂಚಿ ಜಾಗದ ಬಿಡುಗಡೆಗೆ ವರ್ಷಕ್ಕೆ 0.3 ಮಿಲಿಸೀವರ್ಟ್ ಮೀರಬಾರದು ಎನ್ನುತ್ತದೆ. ಗುಜರಿಗೆ ಹೋಗುವ ಕಬ್ಬಿಣದಂಥ ಸಾಮಗ್ರಿಗಾದರೆ 0.01ರ ಮಟ್ಟ, ಏಕೆಂದರೆ ಅದು ಯಾರ ಮನೆಗೆ ಹೋಗುತ್ತದೆ ಎಂದು ಹೇಳಲಾಗದು. ವಿಧಾನದ ತಿರುಳು ಎಲ್ಲಿಯೂ ಇದೇ, ಐಸೋಟೋಪುಗಳ ಪಟ್ಟಿ ಮಾತ್ರ ಬದಲಾಗುತ್ತದೆ. ಕೈಗಾದ್ದು ಭಾರಜಲದ ರಿಯಾಕ್ಟರುಗಳು. ಭಾರಜಲದಲ್ಲಿರುವ ಭಾರ ಹೈಡ್ರೋಜನ್, ಅಂದರೆ ಡ್ಯುಟೀರಿಯಂ, ನ್ಯೂಟ್ರಾನು ಹೀರಿ ಟ್ರಿಟಿಯಂ ಆಗುತ್ತದೆ, ಆಮ್ಲಜನಕ-17ರಿಂದ ಕಾರ್ಬನ್-14 ಹುಟ್ಟುತ್ತದೆ. ಟ್ರಿಟಿಯಂ ಗೈಗರ್ ಕೌಂಟರಿಗೆ ಸಿಗುವುದೇ ಇಲ್ಲ, ಕಾರ್ಬನ್-14 ಮೇಲ್ಮೈಯಲ್ಲಿದ್ದರೂ ಕಷ್ಟದಿಂದ ಸಿಗುತ್ತದೆ. ಅದರಲ್ಲೂ ಟ್ರಿಟಿಯಂ ಕಾಂಕ್ರೀಟಿನೊಳಕ್ಕೆ ಇಳಿಯುತ್ತದೆ. ಅಲ್ಲಿ ಕೋರ್ ಸ್ಯಾಂಪಲ್ ಮತ್ತು ಕೊಳವೆಬಾವಿಗಳಿಗೆ ಸ್ಕ್ಯಾನಿಗಿಂತ ಹೆಚ್ಚು ತೂಕ ಬೇಕಾಗುತ್ತದೆ. ಕೈಗಾ ಇನ್ನೂ ಬಳಕೆಯಲ್ಲಿರುವ ಸ್ಥಾವರವಾದ್ದರಿಂದ ಇಂದು ಮಾಡಬೇಕಾದದ್ದು ದಾಖಲೆಯ ಕೆಲಸ: ಪ್ರತಿ ಸೋರಿಕೆಯ ದಿನಾಂಕ, ಜಾಗ, ಐಸೋಟೋಪು, ಅಗೆದ ಮಣ್ಣು ಹೋದ ದಾರಿ. ಜೊತೆಗೆ, ಸ್ಥಾವರ ಶುರುವಾಗುವ ಮೊದಲು ಸುತ್ತಲಿನ ಮಣ್ಣು, ನೀರು, ಗಿಡಗಳಲ್ಲಿ ತೆಗೆದ ಅಳತೆಗಳನ್ನು ಜೋಪಾನ ಮಾಡಬೇಕು. ಮುಂದೊಂದು ದಿನ ಹೋಲಿಕೆಯ ಹಿನ್ನೆಲೆಯಾಗಿ ಬಳಕೆಗೆ ಬರುವುದು ಅವೇ.